ಪಕ್ಕದಲ್ಲಿ ನಿಂತವರಿಗೆ ಹೇಳಿದ ಮಾತು

ಪೌಲ ರೋಮಾಪುರದ ಕ್ರೈಸ್ತರಿಗೆ ಬರೆದ ಪತ್ರದ ಹನ್ನೆರಡನೆಯ ಅಧ್ಯಾಯ, ಹದಿನೈದನೆಯ ವಚನ. ಸಂತೋಷದಲ್ಲಿರುವವರ ಸಂತೋಷದಲ್ಲಿ ಸೇರಿಕೊಳ್ಳಬೇಕು, ಅಳುವವರು ಕಂಡರೆ ಅವರೊಡನೆ ಕೂಡಿ ಅಳಬೇಕು ಎಂಬುದು ಅದರ ತಾತ್ಪರ್ಯ. ಇಷ್ಟೇ. ಕಾರಣ ಕೊಟ್ಟಿಲ್ಲ, ಷರತ್ತು ಹಾಕಿಲ್ಲ. ಯಾರು ಅಳುತ್ತಿದ್ದಾರೆ, ಅವರ ಅಳು ನ್ಯಾಯವೇ ಎಂದು ವಿಚಾರಿಸಿಕೊಂಡು ಹೋಗಿ ಅಂದಿಲ್ಲ. ಸಾವಿನ ಮನೆಯ ಪ್ರಸಂಗಗಳಲ್ಲಿ ಈ ವಚನದ ಎರಡನೆಯ ಅರ್ಧ ಎಷ್ಟು ಸಲ ಕಿವಿಗೆ ಬಿದ್ದಿದೆಯೆಂದರೆ, ಅದರ ಒಂದು ಸಂಗತಿ ನಮ್ಮ ಕಣ್ಣು ತಪ್ಪಿಸಿಕೊಂಡುಬಿಟ್ಟಿದೆ: ಈ ಅಪ್ಪಣೆ ಅಳುವವರಿಗಲ್ಲ. ಅವರಿಗೆ ಪೌಲ ಇಲ್ಲಿ ಏನನ್ನೂ ಹೇಳುತ್ತಿಲ್ಲ. ಸುಮ್ಮನಿರಿ, ಧೈರ್ಯ ತಂದುಕೊಳ್ಳಿ, ಕ್ಷಮಿಸಿಬಿಡಿ, ಯಾವುದೂ ಇಲ್ಲ. ಮಾತು ಇರುವುದು ಪಕ್ಕದಲ್ಲಿ ನಿಂತವರಿಗೆ.

ಈ ವಚನವನ್ನು ಓದಲು ನಾನು ಒಂದು ಊರನ್ನು ಇಟ್ಟುಕೊಳ್ಳುತ್ತೇನೆ. ಅಮೆರಿಕದ ವರ್ಜೀನಿಯಾ ರಾಜ್ಯದ ನೈರುತ್ಯ ಮೂಲೆಯಲ್ಲಿ, ಗುಡ್ಡಗಳ ನಡುವೆ ಬ್ಲಾಕ್ಸ್‌ಬರ್ಗ್ ಇದೆ. ಅಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯ. 2007ರ ಏಪ್ರಿಲ್ 16, ಸೋಮವಾರ. ಏಪ್ರಿಲ್ ಆದರೂ ಹಿಮದ ಚೂರು ಹಾರುತ್ತಿದ್ದ, ಗಾಳಿ ಬೀಸುತ್ತಿದ್ದ ಬೆಳಗು. ಅಲ್ಲಿಯದೇ ವಿದ್ಯಾರ್ಥಿಯೊಬ್ಬ ಏಳೂಕಾಲರ ಹೊತ್ತಿಗೆ ಹಾಸ್ಟೆಲಿನಲ್ಲಿ ಇಬ್ಬರನ್ನು, ಎರಡು ಗಂಟೆ ಕಳೆದ ಮೇಲೆ ನಾರಿಸ್ ಹಾಲ್‌ನ ತರಗತಿಗಳಲ್ಲಿ ಮೂವತ್ತು ಮಂದಿಯನ್ನು ಗುಂಡಿಕ್ಕಿ ಕೊಂದು ತಾನೂ ಸತ್ತ. ಸತ್ತ 32 ಜನರಲ್ಲಿ 27 ವಿದ್ಯಾರ್ಥಿಗಳು, ಐವರು ಬೋಧಕರು. ತಮಿಳುನಾಡಿನ ಗೋಬಿಚೆಟ್ಟಿಪಾಳಯದ ಕಡೆಯಿಂದ ಹೋಗಿ ಅಲ್ಲಿ ಜಲವಿಜ್ಞಾನ ಕಲಿಸುತ್ತಿದ್ದ ಪ್ರೊ. ಜಿ. ವಿ. ಲೋಗನಾಥನ್ ಅವರಲ್ಲೊಬ್ಬರು. ನಾಜಿ ಹತ್ಯಾಕಾಂಡದಿಂದ ಪಾರಾಗಿ ಬಂದಿದ್ದ ಲಿವಿಯು ಲಿಬ್ರೆಸ್ಕು ಇನ್ನೊಬ್ಬರು. ವಿದ್ಯಾರ್ಥಿಗಳು ಕಿಟಕಿಯಿಂದ ಹಾರಿಕೊಳ್ಳಲೆಂದು ಅವರು ಬಾಗಿಲಿಗೆ ಅಡ್ಡ ನಿಂತರು. ಶವಗಳನ್ನು ಹೊರಗೆ ತರುವಾಗ ಸತ್ತವರ ಜೇಬಿನಲ್ಲಿ ಮೊಬೈಲುಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು ಎಂದು ಅಲ್ಲಿದ್ದ ಪೊಲೀಸರು ಆಮೇಲೆ ಹೇಳಿದರು. ಆ ಕರೆಗಳ ಇನ್ನೊಂದು ತುದಿಯಲ್ಲಿ ಅಪ್ಪ ಅಮ್ಮಂದಿರಿದ್ದರು.

ಇಂಥ ಕಡೆ ಪಕ್ಕದಲ್ಲಿ ನಿಲ್ಲಬೇಕಾಗಿ ಬರುವುದು ಕ್ಯಾಂಪಸ್ ಮಿನಿಸ್ಟ್ರಿಯವರಿಗೆ. ಹಾಗೆಂದರೆ ಏನೆಂದು ಒಂದೆರಡು ಮಾತು ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಬಹಳ ಜನ ಅದನ್ನು ಕಾಲೇಜಿನ ಪಕ್ಕದ ಚರ್ಚು ಅಂದುಕೊಳ್ಳುತ್ತಾರೆ. ಅಲ್ಲ. ಹಾಸ್ಟೆಲ್ ರೂಮಿನಲ್ಲಿ ವಾರಕ್ಕೊಮ್ಮೆ ಸೇರುವ ಏಳೆಂಟು ಹುಡುಗ ಹುಡುಗಿಯರು, ಸತ್ಯವೇದ, ಗಿಟಾರು, ಒಂದಿಷ್ಟು ಕುರುಕಲು. ನಡೆಸುವವರೂ ವಿದ್ಯಾರ್ಥಿಗಳೇ. ಮೇಲೆ ಒಬ್ಬ ಸ್ಟಾಫ್ ವರ್ಕರ್, ಅವರೂ ನಾಲ್ಕಾರು ವರ್ಷ ದೊಡ್ಡವರು, ಅಷ್ಟೇ. ಇಂಟರ್‌ವಾರ್ಸಿಟಿ, ಆಗ ಕ್ಯಾಂಪಸ್ ಕ್ರುಸೇಡ್ ಎನ್ನುತ್ತಿದ್ದ ಕ್ರು, ಕ್ಯಾಥೊಲಿಕರ ನ್ಯೂಮನ್ ಕೂಟ, ಲೂಥರನ್ನರದು, ಬ್ಯಾಪ್ಟಿಸ್ಟರದು ಎಂದು ಬೇರೆ ಬೇರೆ ಬಳಗಗಳು. ಇಂಟರ್‌ವಾರ್ಸಿಟಿ ಸೇರಿದ ಜಾಗತಿಕ ಒಕ್ಕೂಟದಲ್ಲೇ ಇರುವ ಭಾರತದ ಯು.ಇ.ಎಸ್.ಐ. 1954ರಲ್ಲಿ ಹುಟ್ಟಿತು, ಕರ್ನಾಟಕದ ಕಾಲೇಜುಗಳಲ್ಲೂ ಅದರ ಪ್ರಾರ್ಥನಾ ಗುಂಪುಗಳಿವೆ. ಹೀಗಾಗಿ ಸಾವು ಕ್ಯಾಂಪಸ್ಸಿಗೆ ನುಗ್ಗಿದಾಗ ಮುಂದೆ ನಿಂತು ಪ್ರಾರ್ಥನೆ ಮಾಡಬೇಕಾದವರು ನರೆತ ಪಾದ್ರಿಗಳಲ್ಲ, ಇಪ್ಪತ್ತರ ಆಸುಪಾಸಿನ ಮಕ್ಕಳು. ಕಳೆದ ವಾರ ಪಕ್ಕದಲ್ಲಿ ಕೂತು ಹಾಡಿದವರು ಈ ವಾರ ಇಲ್ಲ. ಅಳುವವರೂ ಅವರೇ, ಪಕ್ಕದಲ್ಲಿ ನಿಲ್ಲಬೇಕಾದವರೂ ಅವರೇ.

ಅಂಥ ಹೊತ್ತಿನಲ್ಲಿ ಮೊದಲು ಬಾಯಿಗೆ ಬರುವುದು ಉತ್ತರ. ‘ದೇವರ ಚಿತ್ತ.’ ‘ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ.’ ‘ಇದರಿಂದಲೂ ಏನೋ ಒಳ್ಳೆಯದಾಗುತ್ತದೆ ನೋಡು.’ ಹೇಳುವವರ ಮನಸ್ಸು ಕೆಟ್ಟದ್ದಲ್ಲ. ಎದುರಿಗಿರುವವರ ಸಂಕಟ ನೋಡಲಾರದೆ, ಅದು ಬೇಗ ಮುಗಿಯಲಿ ಎಂಬ ಆತುರದಲ್ಲಿ ಆಡುವ ಮಾತು. ಯೋಬನ ಕಥೆಯಲ್ಲಿ ಮೂವರು ಸ್ನೇಹಿತರು ಬರುತ್ತಾರಲ್ಲ, ಅವರನ್ನು ನಾವು ಬಯ್ಯುವುದೇ ರೂಢಿ. ಆದರೆ ಮೊದಲ ಏಳು ಹಗಲು ಏಳು ರಾತ್ರಿ ಅವರು ಯೋಬನ ಜೊತೆ ನೆಲದ ಮೇಲೆ ಕೂತಿದ್ದರು, ಒಬ್ಬನೂ ತುಟಿ ಬಿಚ್ಚಲಿಲ್ಲ. ಅಲ್ಲಿಯವರೆಗೆ ಅವರಷ್ಟು ಒಳ್ಳೆಯ ಗೆಳೆಯರಿಲ್ಲ. ಕೆಟ್ಟದ್ದು ಎಂಟನೆಯ ದಿನ, ವಿವರಣೆ ಕೊಡಲು ಹೊರಟಾಗ. ಕಥೆಯ ಕೊನೆಗೆ ದೇವರು ಸಿಟ್ಟಾಗುವುದು ಕೂಗಾಡಿದ ಯೋಬನ ಮೇಲಲ್ಲ, ದೇವರ ಪರ ವಕಾಲತ್ತು ವಹಿಸಿದ ಇವರ ಮೇಲೆ. ನಮ್ಮ ಕಡೆ ಸಾವಿನ ಮನೆಯಿಂದ ಏಳುವಾಗ ‘ಹೋಗಿ ಬರ್ತೀವಿ’ ಎನ್ನುವ ಮಾತನ್ನೂ ಆಡುವುದಿಲ್ಲ, ಸುಮ್ಮನೆ ಎದ್ದು ಬರುತ್ತೇವೆ. ಹಿರಿಯರು ಬೇರೆ ಯಾವ ಕಾರಣಕ್ಕೆ ಮಾಡಿದರೋ, ಬಾಯಿಗೆ ಹಾಕಿದ ಆ ಬೀಗ ಒಳ್ಳೆಯದೇ.

ಬ್ಲಾಕ್ಸ್‌ಬರ್ಗಿನ ಹತ್ಯೆಯ ಮರುದಿನ ಕ್ಯಾಂಪಸ್ಸಿನ ಕ್ಯಾಸೆಲ್ ಕ್ರೀಡಾಂಗಣದಲ್ಲಿ ನಡೆದ ಸಂತಾಪ ಸಭೆಯಲ್ಲಿ ರಾಜ್ಯಪಾಲ ಟಿಮ್ ಕೇನ್ ಮಾತಾಡಿದರು. ಜಪಾನಿನಲ್ಲಿ ಆಗಷ್ಟೇ ಇಳಿದಿದ್ದವರು ಸುದ್ದಿ ಕೇಳಿ ತಿರುಗಿ ವಿಮಾನ ಹತ್ತಿ ಬಂದಿದ್ದರು. ದೇವರು ಯಾಕೆ ಹೀಗೆ ಮಾಡಿದ ಎಂಬುದಕ್ಕೆ ಅವರು ಕೈ ಹಾಕಲಿಲ್ಲ. ದೇವರೊಡನೆ ಜಗಳಕ್ಕಿಳಿದ ಯೋಬನನ್ನೂ, ಕೈಬಿಟ್ಟೆಯೇಕೆ ಎಂದು ಶಿಲುಬೆಯ ಮೇಲೆ ಕೂಗಿದ ಯೇಸುವನ್ನೂ ನೆನೆದು, ಸಿಟ್ಟಿಗೂ ನಂಬಿಕೆಯೊಳಗೆ ಜಾಗವಿದೆ ಎಂದು ತೋರಿಸಿದರು. ರಾಜಕಾರಣಿಗಳ ಸಂತಾಪ ಭಾಷಣಗಳಲ್ಲಿ ನನಗೆ ನೆನಪಿರುವುದು ಬಹಳ ಕಡಿಮೆ; ಇದು ಅದರಲ್ಲೊಂದು.

ಹಾಗಾದರೆ ಮಾತೇ ಬೇಡವೇ? ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯ ನೋಡಿ. ಲಾಜರ ಸತ್ತು ನಾಲ್ಕು ದಿನವಾದ ಮೇಲೆ ಯೇಸು ಬರುತ್ತಾನೆ. ಅವನ ಒಡಹುಟ್ಟಿದ ಮಾರ್ಥ, ಮರಿಯ ಇಬ್ಬರೂ ಒಂದೇ ಆಕ್ಷೇಪ ಎತ್ತುತ್ತಾರೆ: ನೀನಿದ್ದಿದ್ದರೆ ನಮ್ಮಣ್ಣ ಸಾಯುತ್ತಿರಲಿಲ್ಲ. ಮಾರ್ಥಳಿಗೆ ಮಾತಿನ ಉತ್ತರ ಸಿಗುತ್ತದೆ, ಪುನರುತ್ಥಾನದ ಬೋಧನೆ. ಮರಿಯಳಿಗೆ ಸಿಗುವುದು ಕಣ್ಣೀರು. ಅದೇ ಸಾವು, ಅದೇ ದೂರು, ಅದೇ ಗಳಿಗೆ. ಇನ್ನು ಸ್ವಲ್ಪ ಹೊತ್ತಿಗೆ ಸತ್ತವನನ್ನು ಎಬ್ಬಿಸಲಿದ್ದೇನೆ ಎಂದು ಗೊತ್ತಿದ್ದವನೂ ಅತ್ತ. ಸ್ವರ್ಗದ ಭರವಸೆ ಇರುವವರಿಗೆ ಅಳುವೇಕೆ ಎಂದು ಕೇಳುವ ಭಕ್ತರು ಈ ಅಧ್ಯಾಯಕ್ಕೆ ಏನು ಹೇಳುತ್ತಾರೋ ತಿಳಿಯದು. ಕ್ಯಾಂಪಸ್ಸಿನಲ್ಲೂ ಮಾರ್ಥರಿರುತ್ತಾರೆ, ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿ ದೇವರಿದ್ದಾನಾ ಇಲ್ಲವಾ ಹೇಳು ಅನ್ನುವವರು. ಅವರೊಡನೆ ಕೂತು ಮಾತಾಡಬೇಕು. ಅವರ ಎದುರು ಸುಮ್ಮನೆ ಕಣ್ಣೊರೆಸಿಕೊಳ್ಳುತ್ತಾ ಕೂತರೆ ಅದೂ ತಪ್ಪಿಸಿಕೊಳ್ಳುವುದೇ.

ಇನ್ನೊಂದು ತಕರಾರು. ಅಳು ಎಂದು ಅಪ್ಪಣೆ ಕೊಟ್ಟರೆ ಕಣ್ಣೀರು ಬರುತ್ತದೆಯೇ? ‘ಅತ್ತೆ ಸತ್ತ ಆರು ತಿಂಗಳಿಗೆ ಸೊಸೆ ಅತ್ತಳಂತೆ’ ಎಂದು ನಗುವ ಜನ ನಾವು. ತೋರಿಕೆಯ ಅಳುವಿನ ಬಗ್ಗೆ ಗಾದೆಗೆ ಇರುವ ಗುಮಾನಿ ಸರಿಯೇ. ಆದರೆ ಕ್ಯಾಂಪಸ್ಸಿನ ಮಟ್ಟಿಗೆ ಆ ಆರು ತಿಂಗಳ ಲೆಕ್ಕ ನಗುವಂಥದ್ದಲ್ಲ. ಮೊದಲ ವಾರ ಎಲ್ಲರೂ ಇರುತ್ತಾರೆ. ಬ್ಲಾಕ್ಸ್‌ಬರ್ಗಿಗೆ ದೇಶದ ಮೂಲೆಮೂಲೆಯಿಂದ ಪಾದ್ರಿಗಳು, ಆಪ್ತಸಲಹೆಗಾರರು, ಟಿ.ವಿ. ವ್ಯಾನುಗಳು ಬಂದಿಳಿದವು, ಹೊದಿಕೆಗಳು, ಕಾಗದದ ಕೊಕ್ಕರೆಗಳು, ಪತ್ರಗಳು ಸಾವಿರಗಟ್ಟಲೆ ಬಂದವು. ಏಪ್ರಿಲ್ 23ಕ್ಕೆ ತರಗತಿ ಶುರುವಾದವು, ಬಂದವರು ಹೊರಟರು. ಅಕ್ಟೋಬರಿನಲ್ಲಿ ಲೈಬ್ರರಿಯಲ್ಲಿ ಕೂತ ಹುಡುಗನೊಬ್ಬ ಪುಸ್ತಕ ಕೆಳಗೆ ಬಿದ್ದ ಸದ್ದಿಗೆ ನಡುಗಿ ಅತ್ತರೆ ಪಕ್ಕದಲ್ಲಿ ಉಳಿಯುವುದು ವಾರವಾರ ಸೇರುವ ಆ ಪ್ರಾರ್ಥನಾ ಗುಂಪು ಮಾತ್ರ. ಪೌಲನ ಅಪ್ಪಣೆ ಕಣ್ಣೀರು ಸುರಿಸುವುದಕ್ಕಿಂತ ಜಾಗ ಬಿಟ್ಟು ಏಳದಿರುವುದಕ್ಕೆ ಎಂದು ನಾನು ಓದುತ್ತೇನೆ. ಮಾರನೆಯ ವರ್ಷ, 2008ರ ಫೆಬ್ರವರಿ 14ರಂದು, ಇಲಿನಾಯ್ ರಾಜ್ಯದ ಡಿಕಾಲ್ಬ್‌ನಲ್ಲಿ ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಐವರು ವಿದ್ಯಾರ್ಥಿಗಳು ಹೀಗೇ ಗುಂಡಿಗೆ ಬಲಿಯಾದರು. ಅಲ್ಲಿಗೆ ಲೂಥರನ್ ಸಂಸ್ಥೆಯೊಂದು ನಾಯಿಗಳನ್ನು ಕರೆತಂದಿತು. ಆ ಅನುಭವದಿಂದ ಅದೇ ವರ್ಷ, ಶೋಕದಲ್ಲಿರುವವರ ಹತ್ತಿರ ಗೋಲ್ಡನ್ ರಿಟ್ರೀವರ್ ನಾಯಿಗಳನ್ನು ಒಯ್ಯುವ ಸೇವೆಯೇ ಹುಟ್ಟಿಕೊಂಡಿತು. ನಾಯಿ ಮಡಿಲಲ್ಲಿ ತಲೆಯಿಟ್ಟು ಮಲಗುತ್ತದೆ, ದೇವರ ಚಿತ್ತದ ಬಗ್ಗೆ ಅದಕ್ಕೆ ಅಭಿಪ್ರಾಯವಿಲ್ಲ.

ವಚನದ ಮೊದಲ ಅರ್ಧವನ್ನು ನಾವು ಬಿಟ್ಟೇ ಬಿಡುತ್ತೇವೆ. ನಾಲ್ಕನೆಯ ಶತಮಾನದ ಜಾನ್ ಕ್ರಿಸೊಸ್ಟಮ್ ಈ ವಚನಕ್ಕೆ ವ್ಯಾಖ್ಯಾನ ಮಾಡುತ್ತಾ, ಅಳುವವರೊಡನೆ ಅಳುವುದಕ್ಕಿಂತ ನಗುವವರೊಡನೆ ನಗುವುದೇ ಕಷ್ಟ ಅನ್ನುತ್ತಾನೆ. ಮೊದಲನೆಯದು ಮನುಷ್ಯ ಸ್ವಭಾವಕ್ಕೆ ತಾನಾಗಿ ಬರುತ್ತದೆ, ಎರಡನೆಯದಕ್ಕೆ ಹೊಟ್ಟೆಕಿಚ್ಚು ಅಡ್ಡ ಬರುತ್ತದೆ ಎಂಬುದು ಅವನ ತರ್ಕ. ಬ್ಲಾಕ್ಸ್‌ಬರ್ಗಿನಲ್ಲಿ ಅಡ್ಡ ಬಂದದ್ದು ಹೊಟ್ಟೆಕಿಚ್ಚಲ್ಲ. ಮೇ 11ಕ್ಕೆ, ಗುಂಡಿನ ಸದ್ದು ಅಡಗಿ ನಾಲ್ಕು ವಾರವೂ ಆಗಿರಲಿಲ್ಲ, ಘಟಿಕೋತ್ಸವ ನಡೆಯಿತು. ಸತ್ತವರಿಗೂ ಮರಣೋತ್ತರ ಪದವಿ ಕೊಟ್ಟರು. ಅದೇ ಸಾಲಿನಲ್ಲಿ ನಿಂತ ಬದುಕಿರುವವರು ಟೋಪಿ ಹಾರಿಸಬೇಕೇ ಬೇಡವೇ? ಮನೆಯವರು ಫೋಟೊ ತೆಗೆಯುವಾಗ ನಗಬೇಕೇ? ನಾಲ್ಕು ವರ್ಷ ಓದಿ ಪಾಸಾದ ಮಗುವಿನ ಖುಷಿಯೂ ನಿಜವೇ. ಪೌಲ ಎರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಿರುವುದು ಇಂಥ ದಿನಕ್ಕಾಗಿಯೇ ಇರಬಹುದು.

ಈಗ ವಚನದ ಅಕ್ಕಪಕ್ಕ. ಹದಿನಾಲ್ಕನೆಯ ವಚನ ಹಿಂಸಿಸುವವರನ್ನು ಹರಸಿ ಅನ್ನುತ್ತದೆ. ಹದಿನೇಳನೆಯದು ಕೇಡಿಗೆ ಕೇಡು ಮಾಡಬೇಡಿ ಅನ್ನುತ್ತದೆ. ಇವೆರಡರ ನಡುವೆ ನಮ್ಮ ವಚನ ಇದೆ. ಬಿಡಿಸಿ ಕಾರ್ಡಿನ ಮೇಲೆ ಅಚ್ಚು ಹಾಕಿದಾಗ ಅದು ನೆರೆಮನೆಯವರ ಸುಖದುಃಖದ ಮಾತು. ಇದ್ದಲ್ಲೇ ಇಟ್ಟು ಓದಿದರೆ ಅಳುತ್ತಿರುವುದು ಹಗೆಯ ಮನೆಯವರೂ ಆಗಿರಬಹುದು.

ಕ್ಯಾಂಪಸ್ಸಿನ ಡ್ರಿಲ್‌ಫೀಲ್ಡ್ ಎಂಬ ಬಯಲಿನಲ್ಲಿ ವಿದ್ಯಾರ್ಥಿಗಳು ಅರ್ಧಚಂದ್ರಾಕಾರವಾಗಿ 32 ಕಲ್ಲುಗಳನ್ನಿಟ್ಟರು, ಅಲ್ಲಿನ ಕಟ್ಟಡಗಳಿಗೆಲ್ಲ ಬಳಸುವ ಬೂದು ಬಣ್ಣದ ಸ್ಥಳೀಯ ಕಲ್ಲು. ಸದ್ದಿಲ್ಲದೆ ವಿದ್ಯಾರ್ಥಿನಿಯೊಬ್ಬಳು ಮೂವತ್ಮೂರನೆಯದನ್ನು ತಂದಿಟ್ಟಳು, ಕೊಂದವನಿಗಾಗಿ. ಅದಕ್ಕೂ ಹೂವು ಬಂತು, ಚೀಟಿಗಳು ಬಂದವು. ನಿನಗೆ ಬೇಕಿದ್ದ ನೆರವು ಸಿಗಲಿಲ್ಲವಲ್ಲ ಎಂಬ ಮರುಕದ ಚೀಟಿಗಳೂ ಇದ್ದವು. ಯಾರೋ ಆ ಕಲ್ಲನ್ನು ತೆಗೆದರು. ಮತ್ತೆ ಇಟ್ಟರು. ಊರೆಲ್ಲ ವಾದ. ಅತ್ತ ಅವನ ಮನೆಯವರ ಪರವಾಗಿ ಅಕ್ಕ ಏಪ್ರಿಲ್ 20ರಂದು ಹೇಳಿಕೆ ಕೊಟ್ಟು ಕ್ಷಮೆ ಕೇಳಿದಳು. ಸತ್ತವರ ಕುಟುಂಬಗಳೊಡನೆ ತಾವೂ ಶೋಕಿಸುತ್ತಿದ್ದೇವೆ ಎಂದಳು. ಕೊಂದವನು ದಕ್ಷಿಣ ಕೊರಿಯಾ ಮೂಲದವನಾದ್ದರಿಂದ ಅಮೆರಿಕದಲ್ಲಿದ್ದ ಆ ದೇಶದ ರಾಯಭಾರಿ ತಮ್ಮ ಜನ 32 ದಿನ ಉಪವಾಸ ಮಾಡಲಿ ಎಂದರು. ಅಳುವ ಮನೆಗಳ ಲೆಕ್ಕದಲ್ಲಿ ಆ ಮನೆಯನ್ನು ಸೇರಿಸಬೇಕೋ ಬೇಡವೋ?

ಇಲ್ಲಿ ವಚನ ಬರೆದವನ ಪೂರ್ವಾಶ್ರಮ ನೆನಪಿಗೆ ಬರುತ್ತದೆ. ಸ್ತೆಫನನನ್ನು ಕಲ್ಲೆಸೆದು ಕೊಂದಾಗ ಕೊಂದವರ ಬಟ್ಟೆ ಕಾದು ನಿಂತಿದ್ದ ಸೌಲ ಇದೇ ಪೌಲ. ಆ ಕೊಲೆಗೆ ಅವನ ಒಪ್ಪಿಗೆ ಇತ್ತು ಎಂದು ಅಪೊಸ್ತಲರ ಕೃತ್ಯಗಳು ದಾಖಲಿಸುತ್ತದೆ. ಅದರ ಬೆನ್ನಿಗೇ, ಭಕ್ತಿವಂತರು ಸ್ತೆಫನನನ್ನು ಮಣ್ಣು ಮಾಡಿ ಬಹಳವಾಗಿ ಗೋಳಾಡಿದರು ಎಂದೂ ಹೇಳುತ್ತದೆ. ಅಳುವವರೊಡನೆ ಅಳಿ ಎಂದು ಬರೆದ ಕೈ ಒಂದು ಕಾಲಕ್ಕೆ ಅಳಿಸಿದವರ ಪಾಳೆಯದ್ದು. ಈ ವಚನ ಹದಿನಾಲ್ಕು ಮತ್ತು ಹದಿನೇಳರ ನಡುವೆ ಬಂದು ಕೂತಿರುವುದನ್ನು ಆಕಸ್ಮಿಕ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಆದರೂ 2007ರ ಆಗಸ್ಟ್ 19ರಂದು ಶಾಶ್ವತ ಸ್ಮಾರಕ ಉದ್ಘಾಟನೆಯಾದಾಗ ಅಲ್ಲಿ ಇದ್ದದ್ದು 32 ಕಲ್ಲು. ಅದೇ ಸರಿ. ಮಗಳ ಹೆಸರಿನ ಕಲ್ಲಿಗೆ ಕೈಯಿಡಲು ಬಂದ ತಾಯಿಗೆ, ಪಕ್ಕದಲ್ಲೇ ಅವನದ್ದೂ ಇರಲಿ, ಸಹಿಸಿಕೋ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಮೂವತ್ಮೂರನೆಯ ಮನೆಯ ಭಾರ ಬೀಳುವುದು ಪಕ್ಕದಲ್ಲಿ ನಿಂತವರ ಮೇಲೆ: ಪ್ರಾರ್ಥನೆಯಲ್ಲಿ ಆ ಮನೆಯವರನ್ನೂ ನೆನೆಯಬೇಕಾದವರು, ಊರಿನ ಕೊರಿಯನ್ ಹುಡುಗರು ಮೆಸ್ಸಿಗೆ ಬರಲು ಹೆದರಿದರೆ ಜೊತೆಗೆ ಹೋಗಬೇಕಾದವರು. ಬ್ಲಾಕ್ಸ್‌ಬರ್ಗಿನ ಹತ್ಯೆಗೆ ಆರು ತಿಂಗಳ ಹಿಂದೆ, 2006ರ ಅಕ್ಟೋಬರ್ 2ರಂದು, ಪೆನ್ಸಿಲ್ವೇನಿಯಾದ ನಿಕೆಲ್ ಮೈನ್ಸ್‌ನಲ್ಲಿ ಆಮಿಶ್ ಎಂಬ ಕ್ರೈಸ್ತ ಪಂಗಡದ ಐದು ಬಾಲಕಿಯರು ಶಾಲೆಯಲ್ಲೇ ಕೊಲೆಯಾಗಿದ್ದರು. ಆಮಿಶ್ ಜನ ಅಂದೇ ಕೊಲೆಗಾರನ ಹೆಂಡತಿಯ ಬಳಿಗೆ ಹೋದರು, ಅವನ ಮಣ್ಣಿಗೂ ಹೋದರು. ಜಗತ್ತು ಬೆರಗಾಯಿತು. ಬೆರಗಾಗಬೇಕಾದದ್ದೇ. ಆಮೇಲೆ ಪ್ರಸಂಗಪೀಠಗಳಲ್ಲಿ ಅದನ್ನು ಅಳತೆಗೋಲು ಮಾಡಿ, ನಿಮ್ಮಿಂದ ಯಾಕಾಗದು ಎಂದು ನೊಂದವರ ಮುಂದೆ ಹಿಡಿದದ್ದು ಮಾತ್ರ ಆಮಿಶರಿಗೂ ಅನ್ಯಾಯ, ನೊಂದವರಿಗೂ ಅನ್ಯಾಯ. ಗೆಳತಿಯನ್ನು ಕಳೆದುಕೊಂಡ ಹುಡುಗಿ ಪ್ರಾರ್ಥನಾ ಗುಂಪಿನಲ್ಲಿ ಕೂತು, ‘ಅಣ್ಣಾ, ಅವನನ್ನ ನಾನು ಕ್ಷಮಿಸಲೇಬೇಕಾ?’ ಎಂದು ಕೇಳಿದರೆ ಸತ್ಯವೇದದ ಬೇರೆ ಪುಟಗಳಲ್ಲಿ ಅದಕ್ಕೆ ಮಾತಿದೆ, ಆ ಪುಟ ತೆರೆಯುವ ಕಾಲವೂ ಬರುತ್ತದೆ. ಈ ವಚನ ಅವಳನ್ನು ಏನೂ ಕೇಳುತ್ತಿಲ್ಲ. ಕೇಳುತ್ತಿರುವುದು ಆ ಅಣ್ಣನನ್ನು.