ಕೆಟ್ಟ ಅಪ್ಪನಿಗೂ ಅನ್ನದ ಹಕ್ಕುಂಟೆ?

ಕುಮಾರವ್ಯಾಸನ ಭಾರತ ಗದಾಪರ್ವಕ್ಕೆ ನಿಲ್ಲುತ್ತದೆ. ಹಾಗಾಗಿ ಗಮಕ ಕೇಳಿ ಬೆಳೆದವರಿಗೂ ಧೃತರಾಷ್ಟ್ರನ ಮುಪ್ಪಿನ ಕತೆ ಅಷ್ಟಾಗಿ ಗೊತ್ತಿರುವುದಿಲ್ಲ. ಉಳಿದ ಪರ್ವಗಳನ್ನು ಮುಂದೆ ತಿಮ್ಮಣ್ಣ ಕವಿ ಕನ್ನಡಕ್ಕೆ ತಂದನಾದರೂ ಅವನನ್ನು ಓದುವವರು ಕಡಿಮೆ. ವ್ಯಾಸಭಾರತದ ಆಶ್ರಮವಾಸಿಕ ಪರ್ವ ಹೇಳುವುದು ಇಷ್ಟು: ದುರ್ಯೋಧನಾದಿಗಳನ್ನು ಕಳೆದುಕೊಂಡ ಕುರುಡು ಮುದುಕ, ಅವರನ್ನು ಕೊಂದವರ ಮನೆಯಲ್ಲೇ 15 ವರ್ಷ ಉಂಡ.

ಯುಧಿಷ್ಠಿರ ಏನೂ ಕಡಿಮೆ ಮಾಡಲಿಲ್ಲ. ಒಳ್ಳೆಯ ಹಾಸಿಗೆ, ಬಟ್ಟೆ, ಪಳಗಿದ ಅಡುಗೆಯವರು. ದೊಡ್ಡಪ್ಪನ ಮನಸ್ಸು ನೋಯಿಸಿದವನು ತನಗೆ ಶತ್ರು ಎಂದು ಎಲ್ಲರಿಗೂ ತಾಕೀತು ಬೇರೆ. ಭೀಮನಿಗೆ ಮಾತ್ರ ಇದು ಗಂಟಲಲ್ಲಿ ಇಳಿಯಲಿಲ್ಲ. ಒಂದು ದಿನ ಗೆಳೆಯರ ನಡುವೆ ತೋಳು ತಟ್ಟಿ, ಕುರುಡನ ಮಕ್ಕಳನ್ನು ಮುಗಿಸಿದ್ದು ಇವೇ ತೋಳುಗಳು ಎಂದ. ಮುದುಕನಿಗೂ ಗಾಂಧಾರಿಗೂ ಕೇಳುವ ಹಾಗೇ ಅಂದ. ಅತ್ತ ಮುದುಕ ಗುಟ್ಟಾಗಿ ಊಟ ಬಿಡುತ್ತಿದ್ದ, ಬರಿ ನೆಲದ ಮೇಲೆ ಮಲಗುತ್ತಿದ್ದ. ಅದೇ ಸೂರಿನಡಿ ಇದ್ದ ಯುಧಿಷ್ಠಿರನಿಗೆ ಇದರ ಸುಳಿವೇ ಇರಲಿಲ್ಲ.

ಭೀಮನ ಸಿಟ್ಟು ಸುಳ್ಳೇನಲ್ಲ. ವಿಷದ ಊಟ, ಅರಗಿನ ಮನೆ, ಜೂಜಿನ ಸಭೆ ಎಲ್ಲ ನಡೆದದ್ದು ಈ ದೊಡ್ಡಪ್ಪನ ಆಳ್ವಿಕೆಯಲ್ಲೇ. ಇಂಥವನನ್ನು ಸಾಕುವುದು ಯಾವ ಋಣ ತೀರಿಸಲು?

ಹೆತ್ತವರನ್ನು ನೋಡಿಕೊಳ್ಳುವುದನ್ನು ನಾವು ಋಣದ ಭಾಷೆಯಲ್ಲೇ ಮಾತಾಡುತ್ತೇವೆ. ಒಳ್ಳೆಯ ತಂದೆತಾಯಿಯ ಮಟ್ಟಿಗೆ ಆ ಲೆಕ್ಕ ಸರಿ. ಕುಡಿದು ಬಂದು ಬಡಿದ, ಕೊನೆಗೆ ಬಿಟ್ಟೇ ಹೋದ ಅಪ್ಪ ಎಪ್ಪತ್ತರ ವಯಸ್ಸಿಗೆ ಕೆಮ್ಮುತ್ತ ಬಂದು ಜಗಲಿಯ ಮೇಲೆ ಕುಳಿತರೆ? ಸಾಲ ಕೊಡದವನು ವಸೂಲಿಗೆ ಬಂದಂತೆಯೇ ಮಕ್ಕಳಿಗೆ ಕಾಣುತ್ತದೆ.

ಸಿಂಗಪುರ 1995ರಲ್ಲಿ ಹೆತ್ತವರ ಪೋಷಣೆಯ ಕಾನೂನು ಮಾಡಿದಾಗ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿತು. ಮಕ್ಕಳನ್ನು ತೊರೆದ, ಹಿಂಸಿಸಿದ ಪೋಷಕರ ಅರ್ಜಿಯನ್ನು ಅಲ್ಲಿನ ನ್ಯಾಯಮಂಡಳಿ ತಳ್ಳಿಹಾಕಬಹುದು. ಭಾರತದ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅಂಥ ಕಲಮೇ ಇಲ್ಲ. ತಮ್ಮ ದುಡಿಮೆ, ಆಸ್ತಿಯಿಂದ ಬದುಕಲಾಗದ ತಂದೆತಾಯಿ ಉಪವಿಭಾಗಾಧಿಕಾರಿಯ ಮುಂದೆ ಜೀವನಾಂಶ ಕೇಳಬಹುದು. ಹಿಂದೆ ಎಂಥ ಅಪ್ಪನಾಗಿದ್ದೆ ಎಂದು ಕಾಯ್ದೆ ವಿಚಾರಿಸುವುದಿಲ್ಲ. ಮುಪ್ಪಿನ ತುತ್ತನ್ನು ಅಂಕಪಟ್ಟಿ ನೋಡಿ ಬಡಿಸದ ಈ ನಿಲುವೇ ಮೇಲು. ಯುಧಿಷ್ಠಿರ ಮಾಡಿದ್ದೂ ಅದನ್ನೇ.

ಹಾಗೆಂದು ಭಾರವನ್ನೆಲ್ಲ ಮಕ್ಕಳ ಹೆಗಲಿಗೇ ಹಾಕುವುದು ಯಾವ ನ್ಯಾಯ? ಜಿಲ್ಲೆಗೊಂದರಂತೆ ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಆಶ್ರಯಧಾಮ ಎಂದು ಅದೇ ಕಾಯ್ದೆ ಹೇಳುತ್ತದೆ. ಆದರೆ ಮಕ್ಕಳಿಗೆ 'ಮಾಡತಕ್ಕದ್ದು' ಎನ್ನುವ ಕಾಯ್ದೆ ಸರ್ಕಾರಕ್ಕೆ 'ಮಾಡಬಹುದು' ಎಂದು ಮೆತ್ತಗೆ ನುಡಿಯುತ್ತದೆ. ತನಗೆ ತಾನೇ ರಿಯಾಯಿತಿ ಕೊಟ್ಟುಕೊಳ್ಳುವುದರಲ್ಲಿ ಸರ್ಕಾರಗಳು ಯಾವತ್ತೂ ಜಾಣವೇ.

ಉಪವಿಭಾಗಾಧಿಕಾರಿ ಕಚೇರಿಯ ಬೆಂಚಿನ ಮೇಲೆ ಪ್ಲಾಸ್ಟಿಕ್ ಕವರನ್ನು ಎದೆಗೆ ಒತ್ತಿಕೊಂಡು ಕುಳಿತ ಮುದುಕಿಯ ಬಳಿ ಹೆಚ್ಚಾಗಿ ಇರುವುದು ದಾನಪತ್ರದ ನಕಲು. 'ಪ್ರೀತಿ ವಿಶ್ವಾಸದಿಂದ' ಮನೆಯನ್ನು ಮಗನಿಗೆ ಕೊಟ್ಟಿದ್ದೇನೆ ಎಂದು ಪತ್ರಬರಹಗಾರ ರೂಢಿಯಂತೆ ಬರೆದಿರುತ್ತಾನೆ. ಆ ಎರಡು ಪದವೇ ಮುಂದೆ ಉರುಳಾಗುತ್ತದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು 23ನೇ ಕಲಮಿನಡಿ ವಾಪಸು ಪಡೆಯಬಹುದು, ನಿಜ. ಷರತ್ತು ಇತ್ತೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಹೆತ್ತ ಮಗನ ಮುಂದೆ ಯಾವ ತಾಯಿ ಷರತ್ತು ಬರೆಸುತ್ತಾಳೆ? 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ದಾನಪತ್ರವನ್ನು ಅದೇ ಕೋರ್ಟ್ ರದ್ದುಮಾಡಿ, ಈ ಕಾಯ್ದೆಯನ್ನು ಹಿರಿಯರ ಪರ ಉದಾರವಾಗಿ ಓದಬೇಕೆಂದಿತು. ಕೊನೆತನಕ ನೋಡಿಕೊಳ್ಳುತ್ತೇನೆಂದು ಮಗ ಬರೆದುಕೊಟ್ಟ ವಚನಪತ್ರವೊಂದು ಆಕೆಯ ಕೈಯಲ್ಲಿತ್ತು.

ಮನೆ ಮರಳಿ ಬಂದೀತು, ತಿಂಗಳ ಹಣವೂ ಬಂದೀತು. ಭೀಮನ ತೋಳು ತಟ್ಟುವ ಸದ್ದಿಗೆ ಯಾವ ಕಲಮು ಹಾಕುವುದು?

ಕಡೆಗೆ ಧೃತರಾಷ್ಟ್ರ ಕಾಡಿಗೆ ಹೊರಟ. ಅವನ ಕೈ ಗಾಂಧಾರಿಯ ಹೆಗಲ ಮೇಲೆ, ಕಣ್ಣಿಗೆ ಬಟ್ಟೆ ಕಟ್ಟಿದ ಅವಳ ಕೈ ಮುಂದೆ ನಡೆಯುತ್ತಿದ್ದ ಕುಂತಿಯ ಹೆಗಲ ಮೇಲೆ. ಗೆದ್ದ ಮಕ್ಕಳ ತಾಯಿ, ಯಾರೂ ಹೋಗು ಅನ್ನದಿದ್ದರೂ ಅವರ ಜೊತೆ ಹೊರಟಿದ್ದಳು. ಹೀಗೆ ಬಿಟ್ಟುಹೋಗುವುದಾದರೆ ನಮ್ಮ ಕೈಯಲ್ಲಿ ಯುದ್ಧ ಯಾಕೆ ಮಾಡಿಸಿದೆ ಎಂದು ಭೀಮ ಕೇಳಿದ. ಅವಳು ತಿರುಗಿ ಬರಲಿಲ್ಲ.