ಹಳೆಯ ಬಾಗಿಲಿಗೆ ಹೊಸ ತುಂಡು

ಹಳೆಯ ಮನೆಯ ಬಾಗಿಲುವಾಡ ಕೊಳೆಯುವುದು ಹೆಚ್ಚಾಗಿ ಬುಡದಲ್ಲಿ. ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿಯುವ ಜಾಗ ಅದು, ಗೆದ್ದಲು ಹತ್ತಿಕೊಳ್ಳುವ ದಾರಿಯೂ ಅದೇ. ಮೇಲಿನ ಐದಾರು ಅಡಿ ಮರ ಇವತ್ತಿಗೂ ಉಳಿಗೆ ಜಗ್ಗದಷ್ಟು ಗಟ್ಟಿ ಇರುತ್ತದೆ; ಕೆಳಗಿನ ಒಂದು ಗೇಣು ಮಾತ್ರ ಬೆರಳಿಟ್ಟು ಒತ್ತಿದರೆ ಪುಡಿಯಾಗಿ ಉದುರುತ್ತದೆ. ಆ ಒಂದು ಗೇಣಿನ ನೆಪದಲ್ಲಿ ಇಡೀ ಚೌಕಟ್ಟನ್ನೇ ಕಿತ್ತು, ಹಳೇ ಮರದ ಅಂಗಡಿಗೆ ಸಾಗಿಸಿ, ಆ ಜಾಗದಲ್ಲಿ ರೆಡಿಮೇಡ್ ಬಾಗಿಲು ಕೂರಿಸಿದ ಮನೆಗಳನ್ನು ಯಾವ ಊರಿನಲ್ಲಾದರೂ ನೋಡಬಹುದು. ಯಾಕೆ ಕೀಳಿಸಿದಿರಿ ಎಂದು ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: ಬರೀ ಬುಡ ಬದಲಾಯಿಸಿದರೆ ತೇಪೆ ಎದ್ದು ಕಾಣುತ್ತದಲ್ಲ?

ಕಾಣುತ್ತದೆ, ನಿಜ. ಮೂರು ತಲೆಮಾರಿನ ಹೊಗೆ, ಎಣ್ಣೆ, ಬಿಸಿಲು ಕುಡಿದು ಕಪ್ಪುಗಂದಾದ ಮರದ ಪಕ್ಕದಲ್ಲಿ ಈಗಷ್ಟೇ ರಂದ ಹೊಡೆದು ತಂದ ತುಂಡು ಬಿಳುಚಿಕೊಂಡು ನಿಲ್ಲುತ್ತದೆ. ಹೊಸ ಮರಕ್ಕೆ ಹಳತಿನ ಬಣ್ಣ ಕೊಡುವ ಕೆಲಸವನ್ನು ನಾನು ದೊಡ್ಡ ಕೆಲಸವೆಂದು ನಂಬಿರುವುದು ಈ ಕಾರಣಕ್ಕೆ. ಹೊಸ ತುಂಡು ಸುತ್ತಲಿನ ಮರದೊಂದಿಗೆ ಹೊಂದಿಕೊಂಡು ಕೂತರೆ ಉಳಿದ ಆರಡಿ ಹಳೆಯ ಮರ ಆ ಮನೆಯಲ್ಲೇ ಉಳಿಯುತ್ತದೆ. ಹೊಂದಿಕೊಳ್ಳದಿದ್ದರೆ ಎಲ್ಲವೂ ಲಾರಿ ಹತ್ತುತ್ತದೆ. ರೆಸಾರ್ಟಿನ ಗೋಡೆಗೆ, ಕಾಫಿ ಅಂಗಡಿಯ ಮೇಜಿಗೆ ಹಳೆಯ ಕಳೆ ಕೊಡುವವರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆ ಕೈಚಳಕ ಮೊದಲು ಸಲ್ಲಬೇಕಾದ್ದು ರಿಪೇರಿಗೆ.

ಮರ ಹೇಗೆ ಹಳತಾಗುತ್ತದೆ ಎಂದು ತಿಳಿಯದೆ ಬಣ್ಣದ ಡಬ್ಬಿ ತೆರೆಯಬಾರದು. ಮರವೆಂದರೆ ಮುಖ್ಯವಾಗಿ ಸೆಲ್ಯುಲೋಸ್ ಎಂಬ ನಾರು, ಆ ನಾರುಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಲಿಗ್ನಿನ್ ಎಂಬ ಅಂಟು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಕ್ಕೆ ಮೊದಲು ಸೋಲುವುದು ಲಿಗ್ನಿನ್. ಅದು ಒಡೆಯುತ್ತ ಹೋದಂತೆ ಮರ ಕಂದು ಬಣ್ಣಕ್ಕೆ ತಿರುಗುತ್ತದೆ. ಒಡೆದದ್ದನ್ನು ಮಳೆ ತೊಳೆದುಕೊಂಡು ಹೋದ ಮೇಲೆ ನಾರಿನ ಬೂದು ಬಣ್ಣ ಉಳಿಯುತ್ತದೆ, ತೇವವಿರುವ ಕಡೆ ಕಣ್ಣಿಗೆ ಕಾಣದ ಬೂಷ್ಟು ಸೇರಿ ಆ ಬೂದು ಇನ್ನಷ್ಟು ಗಾಢವಾಗುತ್ತದೆ. ಹಾಗಾಗಿ ಬಿಸಿಲು, ಮಳೆ ಎರಡಕ್ಕೂ ಮೈಯೊಡ್ಡಿದ ಮರ ಬೂದಾಗುತ್ತದೆ. ಬೆಳಕು ತಾಗಿ ಮಳೆ ತಾಗದ ಜಗಲಿಯ ಮರ ಕಂದಾಗಿಯೇ ಇರುತ್ತದೆ. ಒಂದೇ ಬಾಗಿಲಿನ ಹೊರಮೈಗೊಂದು ಬಣ್ಣ, ಒಳಮೈಗೊಂದು ಬಣ್ಣ. ಇದನ್ನು ಗಮನಿಸದೆ ಎರಡೂ ಕಡೆ ಒಂದೇ ಬೂದು ಬಳಿದರೆ ಅಂಗಳದಿಂದಲೇ ಅದು ಬಳಿದದ್ದೆಂದು ಗೊತ್ತಾಗುತ್ತದೆ.

ಇಷ್ಟೆಲ್ಲ ನಡೆಯುವುದು ಬಹಳ ತೆಳುವಾದ ಮೇಲ್ಪದರದಲ್ಲಿ. ಬೆಳಕು ಮರದೊಳಗೆ ಒಂದು ಮಿಲಿಮೀಟರ್ ಕೂಡ ಇಳಿಯುವುದಿಲ್ಲ. ಹಳೆಯ ತೊಲೆಗೆ ಎರಡು ಸಲ ರಂದ ಹೊಡೆದರೆ ಹೊಸ ಮರದ ಬಣ್ಣ, ವಾಸನೆ ಎರಡೂ ಎದ್ದು ಬರುವುದನ್ನು ಬಡಗಿಗಳೆಲ್ಲ ಕಂಡಿದ್ದಾರೆ. ಬೆಳಕಿಗೆ ಮರದ ಮೈ ಹೇಗೆ ಬದಲಾಗುತ್ತದೆ ಎಂಬ ಅಧ್ಯಯನ ನಮ್ಮ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಸಂಸ್ಥೆಯಲ್ಲೂ ನಡೆದಿದೆ. ಪೈನ್ ಜಾತಿಯ ಮೆದು ಮರ ಬಯಲಿನಲ್ಲಿ ನಿಂತರೆ 100 ವರ್ಷಕ್ಕೆ ಸುಮಾರು 6 ಮಿಲಿಮೀಟರ್ ಸವೆಯುತ್ತದೆ ಎಂಬುದು ಅಮೆರಿಕದ ಅರಣ್ಯೋತ್ಪನ್ನ ಪ್ರಯೋಗಾಲಯದವರ ಲೆಕ್ಕ. ಸವೆಯುವುದೂ ಸಮನಾಗಿ ಅಲ್ಲ. ಮರದ ಒಂದೊಂದು ಉಂಗುರದಲ್ಲೂ ಬೇಗ ಬೆಳೆದ ಮೆದು ಭಾಗ ಮೊದಲು ಹೋಗುತ್ತದೆ, ನಿಧಾನವಾಗಿ ಬೆಳೆದ ಗಟ್ಟಿ ಭಾಗ ಏಣಿನಂತೆ ಉಳಿಯುತ್ತದೆ. ಹಳೆಯ ಕಿಟಕಿಯ ಕೆಳಪಟ್ಟಿಯ ಮೇಲೆ ಅಂಗೈ ಆಡಿಸಿದರೆ ಗೆರೆಗೆರೆಯಾಗಿ ತಾಗುವುದು ಈ ಏಣುಗಳೇ. ಹೊಸ ತುಂಡಿಗೆ ಇದನ್ನು ತರಲು ತಂತಿ ಬ್ರಷ್ ಸಾಕು. ನಾರು ಹೋದ ದಿಕ್ಕಿನಲ್ಲೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು ಬೀಳುತ್ತದೆ. ಪೈನ್, ತೇಗ ಇದಕ್ಕೆ ಬೇಗ ಒಗ್ಗುತ್ತವೆ. ಉಂಗುರಗಳ ಭೇದ ಅಷ್ಟಾಗಿ ಕಾಣದ ಮರದ ಮೇಲೆ ಎಷ್ಟು ಉಜ್ಜಿದರೂ ಅಷ್ಟಕ್ಕಷ್ಟೆ.

ಬಿಸಿಲು ಮಳೆಯ ಗುರುತಿನ ಜೊತೆಗೆ ಮನೆಮಂದಿಯ ಗುರುತುಗಳಿವೆ. ಹಳೆಯ ಬಾಗಿಲಿನ ಮುಂದೆ ಒಂದಷ್ಟು ಹೊತ್ತು ಕೂತು ನೋಡುವ ತಾಳ್ಮೆ ಬೇಕು. ಅಗಳಿಯ ಸುತ್ತ ಅಂಗೈಯಗಲ ಜಾಗ ಮಾತ್ರ ನುಣುಪಾಗಿ ಹೊಳೆಯುತ್ತಿರುತ್ತದೆ, ಅದರಾಚೆ ಮರ ಮಂಕಾಗಿರುತ್ತದೆ. ಹೊಸ್ತಿಲು ನಡುವೆ ತಗ್ಗಾಗಿರುತ್ತದೆ. ಎರಡು ಕೊನೆಗಳಲ್ಲಿ ಮೂಲ ಅಂಚು ಹಾಗೇ ಇರುತ್ತದೆ, ಯಾಕೆಂದರೆ ಮೂಲೆ ತುಳಿದುಕೊಂಡು ಯಾರೂ ಒಳಗೆ ಬರುವುದಿಲ್ಲ. ಹಬ್ಬಹಬ್ಬಕ್ಕೂ ಹಚ್ಚಿದ ಅರಿಶಿನ ನಾರಿನ ಸಂದುಗಳಲ್ಲಿ ಕೂತು ಕಾವಿಯ ಬಣ್ಣಕ್ಕೆ ತಿರುಗಿರುತ್ತದೆ. ಬಾಗಿಲುವಾಡದ ಮೇಲ್ಪಟ್ಟಿಯಲ್ಲಿ ತೋರಣದ ಮೊಳೆ ಹೊಡೆದ ತೂತುಗಳು, ಪ್ರತಿ ತೂತಿನಿಂದ ಕೆಳಕ್ಕೆ ಒಂದೊಂದು ಕಪ್ಪು ಗೆರೆ. ಜಗಲಿಯ ಕಂಬದಲ್ಲಿ, ಕೂತವರ ತಲೆ ತಾಗುವ ಎತ್ತರಕ್ಕೆ, ಕೊಬ್ಬರಿ ಎಣ್ಣೆ ಇಂಗಿದ ಕಪ್ಪು ಕಲೆ. ಅಜ್ಜ ಒರಗುತ್ತಿದ್ದ ಕಂಬ ಯಾವುದೆಂದು ಕಂಬವೇ ಹೇಳುತ್ತದೆ. ಪ್ರತಿಯೊಂದು ಸವೆತಕ್ಕೂ ಒಂದು ಕಾರಣವಿದೆ, ಒಂದು ಎತ್ತರವಿದೆ. ಹೊಸ ಮರವನ್ನು ಸರಪಳಿಯಿಂದ ಬಡಿದು, ಎಲ್ಲೆಂದರಲ್ಲಿ ದಬ್ಬಳದಿಂದ ಚುಚ್ಚಿ ಹುಳು ತಿಂದ ತೂತು ಮಾಡಿ ಹಳತು ಎನ್ನುವವರು ಸೋಲುವುದು ಇಲ್ಲೇ. ಯಾರ ಕೈಯೂ ಮುಟ್ಟದ ಮೇಲಿನ ಮೂಲೆಯಲ್ಲಿ ಬಣ್ಣ ಹೋಗಿರುತ್ತದೆ, ದಿನಕ್ಕೆ ಹತ್ತು ಸಲ ಹಿಡಿಯುವ ಅಂಚು ಚೂಪಾಗಿಯೇ ಇರುತ್ತದೆ.

ಇನ್ನು ಬಣ್ಣ. ಅಂಗಡಿಯಲ್ಲಿ ಸಿಗುವ ಸ್ಟೇನರ್ ಬಾಟಲಿಗಳಿಗಿಂತ ನನಗೆ ಮೆಚ್ಚುಗೆಯಾಗಿರುವುದು ಅಡುಗೆಮನೆಯಲ್ಲೇ ಆಗುವ ಒಂದು ಪಾಕ. ಕಬ್ಬಿಣದ ನಾರು, ಅಂದರೆ ಪಾಲಿಶ್ ಕೆಲಸದವರು ಸ್ಟೀಲ್ ವೂಲ್ ಎನ್ನುವುದನ್ನು, ಒಂದು ಸಲ ಸೋಪಿನಲ್ಲಿ ತೊಳೆದು ಎಣ್ಣೆ ಪಸೆ ತೆಗೆದು, ಗಾಜಿನ ಜಾಡಿಯಲ್ಲಿ ವಿನಿಗರ್ ಹೊಯ್ದು ಮುಳುಗಿಸಿಡಬೇಕು. ಪಾತ್ರೆ ಉಜ್ಜುವ ಹೊಳೆಯುವ ಸ್ಕ್ರಬ್ಬರ್ ಇದಕ್ಕೆ ಬರುವುದಿಲ್ಲ. ಅದು ತುಕ್ಕು ಹಿಡಿಯದ ಉಕ್ಕು. ಜಾಡಿಯ ಮುಚ್ಚಳ ಬಿಗಿ ಮಾಡಬಾರದು, ಒಳಗೆ ಜಲಜನಕದ ಗುಳ್ಳೆ ಏಳುತ್ತಿರುತ್ತದೆ. ಕೆಲವು ದಿನ ಕಳೆದರೆ ಕಬ್ಬಿಣ ಕರಗಿ ಮಸುಕು ನೀರು ಸಿಗುತ್ತದೆ. ಬಟ್ಟೆಯಲ್ಲಿ ಸೋಸಿ ಮರಕ್ಕೆ ಬಳಿದರೆ ಮೊದಲು ನೀರು ಬಳಿದಂತೆಯೇ ಇರುತ್ತದೆ. ಕಣ್ಣೆದುರಿಗೇ ನಿಮಿಷಗಳಲ್ಲಿ ಬೂದು ಏರುತ್ತದೆ, ಒಣಗುತ್ತ ಹೋದಂತೆ ಕಪ್ಪಾಗುತ್ತದೆ.

ಇಲ್ಲಿ ಕೆಲಸ ಮಾಡುವುದು ಮರದೊಳಗಿನ ಒಗರು, ಟ್ಯಾನಿನ್. ಒಗರು ಮತ್ತು ಕಬ್ಬಿಣ ಕೂಡಿದರೆ ಕಪ್ಪು ಹುಟ್ಟುತ್ತದೆ. ಬಾಳೆಕಾಯಿ ಹೆಚ್ಚಿದ ಮೆಟ್ಟುಗತ್ತಿ ಕಪ್ಪಾಗುವುದು ಇದರಿಂದಲೇ. ಶ್ರೀಕಾಳಹಸ್ತಿಯ ಕಲಂಕಾರಿ ಕಲಾವಿದರು ತುಕ್ಕು ಕಬ್ಬಿಣ, ಬೆಲ್ಲ ಕೂಡಿಸಿ ಹುಳಿಬರಿಸಿದ ನೀರಿನಿಂದ ಅಳಲೆಕಾಯಿಯ ಒಗರು ಹೀರಿದ ಬಟ್ಟೆಯ ಮೇಲೆ ಗೆರೆ ಎಳೆಯುತ್ತಾರೆ; ಎಳೆದ ಗೆರೆ ಅಲ್ಲೇ ಕಪ್ಪಾಗುತ್ತದೆ. ತಲೆಗೆ ಹಚ್ಚುವ ಮದರಂಗಿಯನ್ನು ಚಹಾ ಡಿಕಾಕ್ಷನ್, ನೆಲ್ಲಿಪುಡಿ ಸೇರಿಸಿ ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ನೆನೆಸುವ ಹೆಂಗಸರಿಗೆ ಈ ರಸಾಯನ ಯಾವ ಪುಸ್ತಕದ ಹಂಗಿಲ್ಲದೆ ಗೊತ್ತು. ನರೆಗೂದಲಿಗೆ ಪ್ರಾಯ ತರುವುದೂ ಎಳೆಯ ಮರಕ್ಕೆ ವಯಸ್ಸು ತರುವುದೂ ಒಂದೇ ಕ್ರಿಯೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಒಗರು ಹೆಚ್ಚಿರುವ ಮರ ತಾನಾಗಿಯೇ ಕಪ್ಪಿಗೆ ತಿರುಗುತ್ತದೆ. ಪೈನ್, ರಬ್ಬರ್‌ನಂಥ ಬಿಳಿ ಮರಕ್ಕೆ ಒಗರು ಸಾಲದು. ಅದಕ್ಕೆ ಮೊದಲು ಕಡುವಾದ ಚಹಾ ಡಿಕಾಕ್ಷನ್ ಬಳಿದು ಒಣಗಿಸಿ, ಆಮೇಲೆ ಕಬ್ಬಿಣದ ನೀರು ಬಳಿಯುತ್ತಾರೆ. ಒಂದೇ ಹಲಗೆಯಲ್ಲಿ ಚೇಗಿನ ಭಾಗ ಒಂದು ಬಗೆ, ಚೇಗಿಲ್ಲದ ಬಿಳಿ ಭಾಗ ಇನ್ನೊಂದು ಬಗೆ ಬಣ್ಣ ಹಿಡಿಯುತ್ತದೆ. ಕತ್ತರಿಸಿದ ತುದಿಯಂತೂ ಎಲ್ಲಕ್ಕಿಂತ ಹೆಚ್ಚು ಕುಡಿದು ಕಡುಗಪ್ಪಾಗುತ್ತದೆ. ಹೀಗಾಗಿ ಕೊಳೆತ ಜಾಗಕ್ಕೆ ಹಾಕುವ ಮರ ಆದಷ್ಟು ಅದೇ ಜಾತಿಯದಾಗಿರಬೇಕು. ಹಲಸಿನ ಚೌಕಟ್ಟಿಗೆ ಹಲಸೇ ಬೇಕು. ಹೊಸದಾಗಿ ಕೊಯ್ದಾಗ ಅರಿಶಿನದ ಬಣ್ಣವಿದ್ದರೂ ಬೆಳಕು ತಾಗುತ್ತ ತಾಗುತ್ತ ಅದು ತಾನೇ ಕಂದಾಗುತ್ತದೆ, ಬಣ್ಣದವನ ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ. ಒಳ್ಳೆಯ ಆಚಾರ್ರು ಹೇಳುವ ಮೊದಲ ಮಾತೂ ಇದೇ: "ಬಣ್ಣ ಆಮೇಲೆ ಸ್ವಾಮಿ, ಮೊದಲು ಅದೇ ಜಾತಿ ಮರ ಹುಡುಕ್ಕೊಂಡು ಬನ್ನಿ."

ಪೇಂಟ್ ಬಳಿದ ಚೌಕಟ್ಟಾದರೆ ಕೆಲಸ ಬೇರೆಯೇ. ಕೆಳಗೊಂದು ಬಣ್ಣ ಹಾಕಿ ಒಣಗಿಸಿ, ಕೈ ತಾಗಿ ಸವೆಯುವ ಅಂಚುಗಳಿಗೆ ಮಾತ್ರ ಮೇಣದ ಬತ್ತಿ ತಿಕ್ಕಿ, ಮೇಲೆ ಇನ್ನೊಂದು ಬಣ್ಣ ಹಾಕಿದರೆ ಮೇಣವಿದ್ದ ಕಡೆ ಅದು ಹಿಡಿಯುವುದಿಲ್ಲ. ಉಪ್ಪುಕಾಗದ ಆಡಿಸಿದರೆ ಪದರ ಎದ್ದು ಕೆಳಗಿನ ಬಣ್ಣ ಇಣುಕುತ್ತದೆ. ಎರಡು ಪದರಗಳ ನಡುವೆ ಅಂಟು ಬಳಿದು, ಅದು ಪೂರ್ತಿ ಒಣಗುವ ಮುಂಚೆ ಮೇಲಿನ ಬಣ್ಣ ಹಾಕಿದರೆ ಬಿರುಕು ಬರುತ್ತದೆ. ಕೊನೆಗೆ ಕಡುಗಂದು ಬಣ್ಣವನ್ನು ನೀರಾಗಿ ತೆಳ್ಳಗೆ ಮಾಡಿ ಬಳಿದು, ಹಸಿಯಿರುವಾಗಲೇ ಬಟ್ಟೆಯಿಂದ ಒರೆಸಿದರೆ ತಗ್ಗುಗಳಲ್ಲಿ ಮಾತ್ರ ಕೊಳೆಯಂತೆ ಉಳಿಯುತ್ತದೆ. ಮಿರುಗುವ ವಾರ್ನಿಷ್ ಮಾತ್ರ ಬೇಡವೇ ಬೇಡ. ಅಷ್ಟೂ ಶ್ರಮವನ್ನು ಅದೊಂದೇ ಕೆಡಿಸುತ್ತದೆ.

ಇಷ್ಟು ಹೊಂದಿಸಿದ ಮೇಲೆ ಅದು ಮೋಸವಲ್ಲವೇ ಎಂಬ ಪ್ರಶ್ನೆ ಏಳುತ್ತದೆ, ಏಳಲೇಬೇಕು. ಸ್ಮಾರಕಗಳ ರಕ್ಷಣೆಗೆಂದು 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದಿನ 12ನೇ ವಿಧಿ ಇದಕ್ಕೆ ಉತ್ತರ ಹುಡುಕಿದೆ: ಹೊಸದಾಗಿ ಸೇರಿಸಿದ ಭಾಗ ಇಡೀ ಕಟ್ಟಡದೊಂದಿಗೆ ಹೊಂದಬೇಕು, ಆದರೂ ಮೂಲದಿಂದ ಬೇರೆಯೆಂದು ಗುರುತಿಸಲು ಬರಬೇಕು. ಜಪಾನಿನಲ್ಲಿ ಹಳೆಯ ಮರದ ದೇಗುಲಗಳನ್ನು ದುರಸ್ತಿ ಮಾಡುವ ಬಡಗಿಗಳು ಇದನ್ನು ಕೈಕೆಲಸದಲ್ಲೇ ಮಾಡಿ ತೋರಿಸಿದ್ದಾರೆ. ಕೊಳೆತಷ್ಟನ್ನೇ ಕತ್ತರಿಸಿ, ಹೊಸ ಮರವನ್ನು ಕಚ್ಚು ಹಾಕಿ ಕೂಡಿಸಿ, ಹೊರಗೆ ಕಾಣುವ ಮೈಗೆ ಹಳತಿನ ಬಣ್ಣ ಕೊಡುತ್ತಾರೆ. ಕಾಣದ ಮೈಗೆ ಯಾವ ವರ್ಷದ ದುರಸ್ತಿಯೆಂದು ಕಾದ ಕಬ್ಬಿಣದಿಂದ ಮುದ್ರೆ ಒತ್ತುತ್ತಾರೆ. ಭಕ್ತರ ಕಣ್ಣಿಗೆ ಗುಡಿ ಇಡಿಯಾಗಿ ಕಾಣುತ್ತದೆ, ಮುಂದೆಂದೋ ಬಿಚ್ಚುವ ಬಡಗಿಗೆ ನಿಜ ಸಿಗುತ್ತದೆ. ನಮ್ಮ ಮನೆಗಳಿಗೂ ಇದನ್ನೇ ಮಾಡಬಹುದು. ಕೂಡಿಸುವ ಮುಂಚೆ ತುಂಡಿನ ಹಿಂಬದಿಯಲ್ಲಿ ಉಳಿಯಿಂದ ಇಸವಿ ಕೆತ್ತಲು ಎಷ್ಟು ಹೊತ್ತು?

ಮೋಸ ಶುರುವಾಗುವುದು ಮಾರುವಾಗ. ಜೋಧಪುರದಲ್ಲಿ ಮಾವು, ಶೀಶಮ್ ಮರದ ಹೊಸ ಪೀಠೋಪಕರಣಗಳಿಗೆ ಹಳೆಯ ಕಳೆ ಕೊಟ್ಟು ದೇಶವಿದೇಶಕ್ಕೆ ಕಳಿಸುವ ದೊಡ್ಡ ಉದ್ಯಮವೇ ಇದೆ. ಹೊಸದೆಂದು ಹೇಳಿಯೇ ಮಾರಿದರೆ ಅದು ಮರ್ಯಾದೆಯ ದುಡಿಮೆ. ಅದೇ ಪೆಟ್ಟಿಗೆಯನ್ನು ಮುತ್ತಾತನ ಕಾಲದ್ದೆಂದು ಹೇಳಿ ಹತ್ತು ಪಟ್ಟು ಬೆಲೆ ಕೇಳಿದರೆ ಕೊಂಡವನ ದುಡ್ಡಷ್ಟೇ ಹೋಗುವುದಿಲ್ಲ, ನಿಜವಾದ ಹಳೆಯ ಕೆಲಸದ ಮೇಲಿನ ನಂಬಿಕೆಯೂ ಹೋಗುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ಕಟ್ಟಿದ ಪಾರಂಪರಿಕ ಗ್ರಾಮದಲ್ಲಿ ಒಂದು ಸುತ್ತು ಹಾಕಿ ಬಂದವರಿಗೆ ನಿಜವಾದ ಸವೆತ ಯಾವುದು, ಉಜ್ಜಿ ತಂದ ಸವೆತ ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಬುಡಕ್ಕೆ ತುಂಡು ಹಾಕಿಸಬೇಕೆಂದು ಹೊರಟವರಿಗೆ ಕೆಲವು ಮಾತು. ಕತ್ತರಿಸಿದ ಹಳೆಯ ಮರದಲ್ಲಿ ಗಟ್ಟಿಯಿರುವ ಒಂದು ಚೂರನ್ನು ಎತ್ತಿಟ್ಟುಕೊಳ್ಳಿ, ಬಣ್ಣ ಹೊಂದಿಸಲು ಅದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಹೊಸ ಮರ ಕತ್ತರಿಸಿ ಉಳಿದ ಚೂರಿನ ಮೇಲೆ ಮೊದಲು ಬಣ್ಣ ಹಚ್ಚಿ, ಪೂರ್ತಿ ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ನೋಡಿ. ಹಸಿಯಲ್ಲಿ ಕಾಣುವ ಬಣ್ಣ ನಂಬಬೇಡಿ. ನೆಲಕ್ಕೆ ತಾಗುವ ತುದಿಗೆ ಕೂಡಿಸುವ ಮುಂಚೆಯೇ ಗೇರೆಣ್ಣೆ ಕುಡಿಸಿ. ಕರಾವಳಿಯವರು ದೋಣಿಗೂ ಮನೆಯ ಮರಕ್ಕೂ ಹಚ್ಚುತ್ತ ಬಂದ ಎಣ್ಣೆ ಅದು. ಕೈಗೆ ತಾಗಿದರೆ ಸುಡುತ್ತದೆ, ಗವಸು ತೊಟ್ಟೇ ಹಚ್ಚಬೇಕು. ಹೊರಮೈಯ ಬೂದು ಮೊದಮೊದಲು ಅಲ್ಲಲ್ಲಿ ಮಾಸಿದರೆ ಗಾಬರಿಯಾಗಿ ಮತ್ತೆ ಬಳಿಯಬೇಡಿ. ಅಷ್ಟರಲ್ಲಿ ಬಿಸಿಲು ಮಳೆ ತಮ್ಮ ಕೆಲಸ ಶುರುಮಾಡಿರುತ್ತವೆ, ಒಂದೆರಡು ವರ್ಷದಲ್ಲಿ ಹಚ್ಚಿದ ಬೂದಿನ ಜಾಗದಲ್ಲಿ ಮರದ್ದೇ ಬೂದು ಬರುತ್ತದೆ. ಮಳೆ ಕಾಣದ ಒಳಮೈಗೆ ಮಾತ್ರ ವರ್ಷಕ್ಕೊಮ್ಮೆ, ಹಬ್ಬದ ಸಾರಣೆ ಕಾರಣೆಯ ಹೊತ್ತಿಗೆ, ಅಕ್ಕಪಕ್ಕದ ಹಳೆಯ ಮರಕ್ಕೆ ಒರೆಸುವ ಎಣ್ಣೆಯನ್ನೇ ಇದಕ್ಕೂ ಒರೆಸುತ್ತ ಬನ್ನಿ.