ತಾತ ಅಜ್ಜಿಯರಿಗೆ ಸಲ್ಲತಕ್ಕ ಸನ್ಮಾನ

(1 ತಿಮೊಥೆಯ 5:4, 2 ತಿಮೊಥೆಯ 1:5)



ಮಹಾಲಯ ಅಮಾವಾಸ್ಯೆಯು ಸಮೀಪಿಸಿತೆಂದರೆ ಕೈಲಾಂಚದ ಸುತ್ತಣ ಹಳ್ಳಿಗಳಲ್ಲಿ ಹಿರಿಯರ ಹಬ್ಬ. ಗತಿಸಿದವರ ಹೆಸರೆತ್ತಿ, ಹೊಸ ಬಟ್ಟೆಯನ್ನಿಟ್ಟು, ಅವರಿಗೆ ಪ್ರಿಯವಾಗಿದ್ದ ಅಡಿಗೆಯನ್ನು ಎಲೆಯ ಮೇಲೆ ಬಡಿಸಿ ಎಡೆಯಿಡುತ್ತಾರೆ. ಆ ದಿವಸ ನಮ್ಮ ಮನೆಗಳಲ್ಲಿ ಎಡೆಯಿಲ್ಲ. ಆಗ ನೆರೆಯವರು, ಕ್ರೈಸ್ತರಾದವರು ತಮ್ಮ ಹಿರಿಯರನ್ನೇ ಮರೆತರೆಂದು ಆಡಿಕೊಳ್ಳುವದುಂಟು. ಈ ಮಾತಿಗೆ ಕೋಪಿಸಿಕೊಳ್ಳುವದು ಸುಲಭ. ಅದರಲ್ಲಿ ನಿಜವೆಷ್ಟೆಂದು ವಿಚಾರಿಸಿಕೊಳ್ಳುವದು ಅಷ್ಟು ಸುಲಭವಲ್ಲ.

ಸತ್ತವರಿಗೆ ಅನ್ನವಿಡುವದನ್ನು ನಾವು ಬಿಟ್ಟದ್ದು ಅವರ ಮೇಲಣ ಪ್ರೀತಿ ಬತ್ತಿದ್ದರಿಂದಲ್ಲ. ಅವರು ದೇವರ ಕೈಯಲ್ಲಿದ್ದಾರೆ, ನಮ್ಮ ಕೈತುತ್ತಿನ ಹಂಗು ಅವರಿಗಿಲ್ಲ ಎಂಬ ನಂಬಿಕೆಯಿಂದ. ಒಳ್ಳೇದು. ಆದರೆ ಬದುಕಿರುವ ಅಜ್ಜಿಗೂ ಹೊತ್ತಿಗೆ ಸರಿಯಾಗಿ ಬಿಸಿ ಮುದ್ದೆ ಸಿಕ್ಕದೆ ಹೋದರೆ, ನೆರೆಯವನಿಗೆ ನಾವು ಯಾವ ಉತ್ತರ ಕೊಡೋಣ? ಅವನು ವರುಷಕ್ಕೊಮ್ಮೆಯಾದರೂ ಎಲೆ ಹಾಕುತ್ತಾನಲ್ಲಾ!

ಎಫೆಸದ ಸಭೆಯಲ್ಲಿ ವಿಧವೆಯರ ಪೋಷಣೆಯ ವಿಚಾರ ಬಂದಾಗ ಅಪೊಸ್ತಲನಾದ ಪೌಲನು ತಿಮೊಥೆಯನಿಗೆ ಹೇಳಿ ಕಳುಹಿಸಿದ್ದೇನು? ವಿಧವೆಗೆ ಮಕ್ಕಳಾಗಲಿ ಮೊಮ್ಮಕ್ಕಳಾಗಲಿ ಇದ್ದರೆ, ಅವರು ಮೊದಲು ತಮ್ಮ ಮನೆಯಲ್ಲಿಯೇ ಭಕ್ತಿಯನ್ನು ನಡಿಸಿ ತೋರಿಸಿ, ಹಿರಿಯರಿಗೆ ಪ್ರತ್ಯುಪಕಾರ ಮಾಡಲಿ ಎಂಬದೇ. ಮೊಮ್ಮಕ್ಕಳೆಂಬ ಮಾತನ್ನು ನೋಡಿರಿ. ಅಜ್ಜಿಯನ್ನು ನೋಡಿಕೊಳ್ಳುವದು ಚಿಕ್ಕಪ್ಪನ ಪಾಲಿಗೆ ಬಂದದ್ದು, ನನ್ನ ಪಾಲಿಗಲ್ಲ ಎಂದು ಜಾರಿಕೊಳ್ಳುವ ದಾರಿಯನ್ನು ಅವನು ಅಲ್ಲಿಯೇ ಮುಚ್ಚಿಬಿಟ್ಟನು.

ಈ ಪತ್ರವು ಯಾರ ಕೈಸೇರಿತು? ಲೋವಿಯೆಂಬ ಅಜ್ಜಿಯ ಮೊಮ್ಮಗನ ಕೈಯನ್ನು. ಅವನ ನಂಬಿಕೆಯು ಮೊದಲು ಅಜ್ಜಿಯಲ್ಲಿ, ಆಮೇಲೆ ತಾಯಿಯಾದ ಯೂನೀಕೆಯಲ್ಲಿ ವಾಸವಾಗಿತ್ತೆಂದು ಪೌಲನೇ ಬರೆಯುತ್ತಾನೆ. ತಂದೆಯು ಗ್ರೀಕನು. ಲುಸ್ತ್ರದಲ್ಲಿ ಸಭಾಮಂದಿರವಿತ್ತೆಂದು ಅಪೊಸ್ತಲರ ಕೃತ್ಯಗಳಲ್ಲಿ ಕಾಣುವದಿಲ್ಲ. ಪೌಲ ಬಾರ್ನಬರನ್ನೇ ದೇವರುಗಳೆಂದು ಭ್ರಮಿಸಿ ಎತ್ತುಗಳನ್ನು ಬಲಿಗೆ ತಂದ ಊರು ಅದು. ಅಂಥ ಊರಲ್ಲಿ ಆ ಹುಡುಗನು ಚಿಕ್ಕಂದಿನಿಂದಲೇ ಪರಿಶುದ್ಧ ಗ್ರಂಥಗಳನ್ನು ಬಲ್ಲವನಾದನು. ನಮ್ಮ ಸೀಮೆಯಲ್ಲಿ ಹತ್ತು ಮನೆಗಳ ನಡುವೆ ಒಂದೇ ಕ್ರೈಸ್ತರ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ.

ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ಸಂಪೂರ್ಣ ಸತ್ಯವೇದವು ಬಳ್ಳಾರಿಯಲ್ಲಿ 1831ರಲ್ಲಿ ಕನ್ನಡದಲ್ಲಿ ಅಚ್ಚಾಯಿತು. ಆದರೆ ಪುಸ್ತಕವು ಅಚ್ಚಾಗುವದು ಒಂದು; ಅದು ಅಕ್ಷರವಿಲ್ಲದವರ ಹೃದಯ ಸೇರುವದು ಇನ್ನೊಂದು. ಉಪದೇಶಿಯು ಓದಿದ್ದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿ, ಬೀಸುವ ಕಲ್ಲಿನ ಮುಂದೆ ಅದನ್ನೇ ಗುನುಗಿ, ಮಡಿಲಲ್ಲಿದ್ದ ಮಗುವಿನ ಕಿವಿಗೆ ಹಾಕಿದವರು ಅಜ್ಜಿಯರು. ಯೆಹೆಜ್ಕೇಲನ ಹೆಸರು ಆಕೆಯ ನಾಲಿಗೆಗೆ ಹೊರಳದು. ಬೆಂಗಳೂರಿನಲ್ಲಿ ಓದಿ ಬಂದು ಮೊಬೈಲಿನಲ್ಲಿಯೇ ವಾಕ್ಯ ತೆರೆಯುವ ಮೊಮ್ಮಗನು ಅದಕ್ಕೆ ನಗುತ್ತಾನೆ. ಕರ್ತನ ಪ್ರಾರ್ಥನೆಯನ್ನು ಅವನಿಗೆ ಕಲಿಸಿದ ನಾಲಿಗೆ ಅದೇ ಅಲ್ಲವೇ?

ರೇಷ್ಮೆಹುಳು ನಾಲ್ಕು ಜ್ವರ ಕಳೆದು ಹಣ್ಣಾಗುವದು ನಿಮಗೆಲ್ಲರಿಗೂ ತಿಳಿದದ್ದೇ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಬಾರದು. ಎದ್ದ ಮೇಲೆ ತಡಮಾಡಬಾರದು. ತಟ್ಟೆಯ ಬಳಿ ಕುಳಿತ ಅಜ್ಜಿ ಕಣ್ಣಿಂದ ನೋಡಿಯೇ, ಈಗ ಹಾಕು, ಈಗ ಬೇಡ ಎನ್ನುತ್ತಾಳೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಬೇಕಾದ ಇಡೀ ಬೆಳೆಯನ್ನು ಆಕೆಯ ಕಣ್ಣಿಗೆ ಒಪ್ಪಿಸುವ ಮೊಮ್ಮಗನು, ಆತ್ಮದ ವಿಷಯ ಬಂದರೆ ಮಾತ್ರ, ಅಜ್ಜಿಗೇನು ಗೊತ್ತು ಎನ್ನುತ್ತಾನೆ. ಇದು ನನಗೆ ವಿಚಿತ್ರವಾಗಿ ತೋರುತ್ತದೆ.

ನನ್ನ ತಾತನು ಕರ್ತನನ್ನು ನಂಬಿದವನಲ್ಲ, ಅವನಿಗೆ ಹೇಗೆ ಸನ್ಮಾನ ಮಾಡಲಿ ಎಂದು ಕೇಳುವವರು ನಮ್ಮಲ್ಲಿ ಅನೇಕರಿದ್ದಾರೆ. ನರೆಗೂದಲಿನವರ ಮುಂದೆ ಎದ್ದು ನಿಲ್ಲಬೇಕೆಂದು ಯಾಜಕಕಾಂಡ 19:32ರಲ್ಲಿ ಆಜ್ಞೆಯಿದೆ. ಆ ನರೆಗೂದಲು ಯಾವ ಮತದ್ದೆಂದು ವಿಚಾರಿಸಿ ಏಳಬೇಕೆಂದು ಅಲ್ಲಿಲ್ಲ. ಎಡೆಗೆ ಕೈಮುಗಿಯಲಾರೆನೆಂದು ತಾತನಿಗೆ ವಿನಯದಿಂದ ಹೇಳಿರಿ. ಅಂದೇ ಆತನ ಜಗಲಿಯಲ್ಲಿ ಕುಳಿತು, ಆತನ ತಂದೆ ತಾಯಿಗಳ ಕಷ್ಟಸುಖಗಳನ್ನು ಕೇಳಿರಿ. ಆಸ್ಪತ್ರೆಗೆ ಕರೆದೊಯ್ಯುವ ಸರದಿಯನ್ನು ನೀವೇ ಮೊದಲು ತೆಗೆದುಕೊಳ್ಳಿರಿ.

ಲೋಕದ ಸರಕಾರವೂ ಈ ಸಾಲವನ್ನು ಬಲ್ಲದು. 2007ರಲ್ಲಿ ಆದ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ಪ್ರಾಯಕ್ಕೆ ಬಂದ ಮೊಮ್ಮಕ್ಕಳನ್ನೂ ಮಕ್ಕಳ ಸಾಲಿನಲ್ಲಿಯೇ ಎಣಿಸುತ್ತದೆ. ತನ್ನನ್ನು ಪೋಷಿಸಿಕೊಳ್ಳಲಾರದ ತಾತನಾಗಲಿ ಅಜ್ಜಿಯಾಗಲಿ ಜೀವನಾಂಶ ಕೇಳಬಹುದು. ಆದರೆ ದೀಕ್ಷಾಸ್ನಾನ ಹೊಂದಿದ ಮೊಮ್ಮಗನ ಮೇಲೆ ಅಜ್ಜಿಯು ಅಧಿಕಾರಿಯ ಮುಂದೆ ಅರ್ಜಿ ಹಿಡಿದು ನಿಲ್ಲುವ ಕಾಲ ನಮ್ಮ ಸಭೆಗೆ ಬಾರದಿರಲಿ.

ಇನ್ನೊಂದು ಮಾತು. 1947ನೆಯ ಇಸವಿ ಸೆಪ್ಟೆಂಬರ್ 27ರಲ್ಲಿ ದಕ್ಷಿಣ ಇಂಡಿಯಾ ಸಭೆಯು ಐಕ್ಯವಾಯಿತೆಂಬದು ಪುಸ್ತಕಗಳಲ್ಲಿ ಸಿಕ್ಕುತ್ತದೆ. ನಿಮ್ಮ ಮನೆತನದಲ್ಲಿ ಯೇಸುವಿನ ಹೆಸರೆತ್ತಿ ಮೊದಲು ಮೊಣಕಾಲೂರಿದವರು ಯಾರು, ಅದಕ್ಕಾಗಿ ಯಾವ ಬಾವಿಯ ನೀರು ಅವರಿಗೆ ತಪ್ಪಿತು, ಯಾವ ಮದುವೆಯ ಚಪ್ಪರಕ್ಕೆ ಅವರನ್ನು ಕರೆಯಲಿಲ್ಲ ಎಂಬದು ಆಕೆಯ ನೆನಪಿನಲ್ಲಿ ಮಾತ್ರ ಉಂಟು; ಆ ನೆನಪಿಗೂ ಮುಪ್ಪು ಬಂದಿದೆ. ಈ ವಾರದಲ್ಲಿ ಒಂದು ಸಂಜೆ ಹತ್ತಿರ ಕುಳಿತು ಕೇಳಿರಿ. ಮನೆಯ ಸತ್ಯವೇದದ ಖಾಲಿ ಪುಟದಲ್ಲಿ ಬರೆದಿಡಿರಿ. ಆಕೆಯ ಮಾತನ್ನು ತಿದ್ದಬೇಡಿರಿ; ಪಾದ್ರಿದೊರೆ ಎಂದರೆ ಪಾದ್ರಿದೊರೆ ಎಂದೇ ಬರೆಯಿರಿ.